ಈ ವಾರ ‘ಪುಟ್’ ಒಂದೇ ಸಾಕು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್‌ನಲ್ಲಿ ಕ್ರಿಯಾಪದದ ಜೊತೆ ಆನ್, ಆಫ್‌ನಂಥ ಚಿಕ್ಕ ಪದ ಸೇರಿ ಬೇರೆ ಅರ್ಥ ಕೊಡುವ ಮಾತುಗಳಿವೆಯಲ್ಲ (ಫ್ರೇಸಲ್ ವರ್ಬ್), ಅವುಗಳ ಉದ್ದದ ಪಟ್ಟಿ ಬಾಯಿಪಾಠ ಬೇಡ. ಈ ವಾರ ‘ಪುಟ್’ ಒಂದನ್ನೇ ಹಿಡಿಯೋಣ. ಪುಟ್ ಆನ್ ಅಂದರೆ ಬಟ್ಟೆ, ಚಪ್ಪಲಿ ಹಾಕಿಕೊಳ್ಳುವುದು. ಪುಟ್ ಆಫ್ ಅಂದರೆ ಕೆಲಸವನ್ನು ಮುಂದಕ್ಕೆ ಹಾಕುವುದು. ಬಿಚ್ಚುವುದಕ್ಕೆ ಟೇಕ್ ಆಫ್. ನಾನೇ ಒಮ್ಮೆ ಮನೆಗೆ ಬಂದವರಿಗೆ ‘ಪುಟ್ ಆಫ್ ಯುವರ್ ಶೂಸ್’ ಅಂದಿದ್ದೆ, ಪಾಪ ನಕ್ಕು ಸುಮ್ಮನಾದರು! ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳುವುದು. ಪಕ್ಕದ ಮನೆ ಟಿವಿ ಗಲಾಟೆ ಇದೆಯಲ್ಲ, ಅದಕ್ಕೆ ಹೇಳಿ ಮಾಡಿಸಿದ ಮಾತು.

ಜಾಸ್ತಿ ಜನ ಎಡವುವುದು ‘ಇಟ್’ ಬಂದಾಗ. ಅದು ನಡುವೆ ಕೂರಬೇಕು: ‘ಪುಟ್ ಇಟ್ ಆನ್’. ಆದರೆ ಪುಟ್ ಅಪ್ ವಿತ್ ಮಾತ್ರ ಒಡೆಯುವುದಿಲ್ಲ, ಅಲ್ಲಿ ‘ಇಟ್’ ಕೊನೆಗೇ.

ಭಾನುವಾರ ರಾತ್ರಿಯೊಳಗೆ ಎರಡು ಸ್ವಂತ ವಾಕ್ಯ ವಾಯ್ಸ್ ಮೆಸೇಜ್ ಮಾಡಿ. ಗೂಗಲ್‌ನಿಂದ ಎತ್ತಿದ್ದು ಬೇಡ.