ಸಂಜೆ ಶಾಲೆಯ ಗೇಟು ತೆರೆಸಿಕೊಡಿ

ಮಾನ್ಯ ಜಿಲ್ಲಾಧಿಕಾರಿಯವರಿಗೆ,
ಉಡುಪಿ ಜಿಲ್ಲೆ, ರಜತಾದ್ರಿ, ಮಣಿಪಾಲ.

ಮಾನ್ಯರೇ,

ನಾನು ಈ ಜಿಲ್ಲೆಯ ಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಮಕ್ಕಳ ಬೊಜ್ಜಿನ ವಿಚಾರವಾಗಿ ಬರೆಯುತ್ತಿದ್ದೇನೆ. ಅದು ಅವರವರ ಮನೆಯ ವಿಚಾರ, ಜಿಲ್ಲಾಡಳಿತಕ್ಕೇನು ಸಂಬಂಧ ಎಂದು ಹಲವರು ನನ್ನಲ್ಲಿ ಕೇಳಿದ್ದಾರೆ. ಸಂಬಂಧವಿದೆ ಎಂದು ಹೇಳುವುದಕ್ಕೇ ಈ ಪತ್ರ.

ಆರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಕ್ಕಳ ತೂಕ ನೋಡುವ ದಿನ ಒಬ್ಬೊಬ್ಬರನ್ನೇ ಯಂತ್ರದ ಮೇಲೆ ನಿಲ್ಲಿಸಿ, ಎಷ್ಟು ಕಿಲೋ ಎಂದು ಗಟ್ಟಿಯಾಗಿ ಕೂಗಿ ಬರೆಸಿಕೊಳ್ಳುತ್ತಿದ್ದರು. ಅವನ ಸರದಿ ಬಂದಾಗ ಇಡೀ ತರಗತಿ ಗೊಳ್ಳೆಂದು ನಕ್ಕಿತು. ಮರುದಿನದಿಂದ ಆಟದ ಅವಧಿಯಲ್ಲಿ ಅವನು ಜಗಲಿಯ ಮೆಟ್ಟಿಲ ಮೇಲೆ ಕುಳಿತು ಬೂಟಿನ ಲೇಸು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಗಂಟೆ ಬಾರಿಸುವವರೆಗೂ ಅದೇ. ಅವನ ದಿನಚರಿಯನ್ನು ಕೇಳಿ ತಿಳಿದುಕೊಂಡೆ. ಬೆಳಿಗ್ಗೆ ಏಳೂವರೆಗೆ ವ್ಯಾನು, ಸಂಜೆ ಮತ್ತೆ ವ್ಯಾನು, ಐದಕ್ಕೆ ಟ್ಯೂಷನ್, ಏಳಕ್ಕೆ ಮನೆ. ಮನೆಯೆಂದರೆ ಎರಡನೇ ಮಹಡಿಯ ಬಾಡಿಗೆ ಫ್ಲ್ಯಾಟು; ಕೆಳಗೆ ಕಾರು ನಿಲ್ಲಿಸಲು ಜಾಗವಿದೆ, ಚೆಂಡು ಎಸೆಯಲು ಇಲ್ಲ. ತಂದೆ ತಾಯಿ ಇಬ್ಬರೂ ದುಡಿಯುವವರು. ಶಾಲೆ ಬಿಟ್ಟು ವ್ಯಾನು ಬರುವವರೆಗಿನ ಇಪ್ಪತ್ತು ನಿಮಿಷದಲ್ಲಿ, ಗೇಟಿನೆದುರಿನ ಅಂಗಡಿಯಿಂದ ಒಂದು ಪೊಟ್ಟಣ ಚಿಪ್ಸು, ಒಂದು ಬಾಟಲಿ ಬಣ್ಣದ ಪಾನೀಯ. ಇದರಲ್ಲಿ ಆ ಮಗುವಿನ ತಪ್ಪು ಯಾವುದು? ಅವನ ತಾಯಿಯ ತಪ್ಪಾದರೂ ಯಾವುದು?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಹುಡುಗನ ದಿನದಲ್ಲಿ ಆ ಅರುವತ್ತು ನಿಮಿಷವನ್ನು ಎಲ್ಲಿ ಹುಡುಕುವುದು? ವಾರದ ಆಟದ ಅವಧಿಗಳೂ ಪರೀಕ್ಷೆ ಹತ್ತಿರ ಬಂದರೆ ಗಣಿತದ ಪಾಲಾಗುತ್ತವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ. 2.1 ಇತ್ತು, 2019-21ರಲ್ಲಿ ಶೇ. 3.4 ಆಯಿತು. ಇದು ಮಗು ಒಂದನೇ ತರಗತಿಗೆ ಸೇರುವ ಮೊದಲಿನ ಲೆಕ್ಕ. 2019-21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಅದೇ ವಯಸ್ಸಿನ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಾಗಾಗಿ ಮಕ್ಕಳ ತಟ್ಟೆಯಿಂದ ಏನನ್ನಾದರೂ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಬಿಸಿಯೂಟದ ಮೊಟ್ಟೆಯಾಗಲಿ ಹಾಲಾಗಲಿ ಒಂದು ದಿನವೂ ತಪ್ಪಬಾರದು.

ಫ್ರಾನ್ಸಿನ ಉತ್ತರ ಭಾಗದಲ್ಲಿ ಫ್ಲೂರ್ಬೇ, ಲಾವಾಂತಿ ಎಂಬ ಎರಡು ಸಣ್ಣ ಊರುಗಳಿವೆ. ಅಲ್ಲಿ 1992ರಲ್ಲಿ ಶಾಲಾ ಮಕ್ಕಳಿಗೆ ಆಹಾರದ ಪಾಠ ಆರಂಭಿಸಿದರು. ಬರೀ ಪಾಠ ನಡೆದಷ್ಟು ಕಾಲ ಅತಿತೂಕದ ಮಕ್ಕಳ ಸಂಖ್ಯೆ ಇಳಿಯಲಿಲ್ಲ, ಏರಿತು. ಆಮೇಲೆ ಊರಿಗೆ ಊರೇ ಸೇರಿಕೊಂಡಿತು: ಪುರಸಭೆ, ವೈದ್ಯರು, ಅಂಗಡಿಯವರು, ಕ್ರೀಡಾ ಸಂಘಗಳು. 2004ರ ಹೊತ್ತಿಗೆ ಅಲ್ಲಿ ಅತಿತೂಕದ ಮಕ್ಕಳು ಶೇ. 8.8, ಹೋಲಿಕೆಗೆ ತೆಗೆದುಕೊಂಡ ಅಕ್ಕಪಕ್ಕದ ಊರುಗಳಲ್ಲಿ ಶೇ. 17.8. ಉಪದೇಶ ಮಾಡುತ್ತಲೇ 31 ವರ್ಷ ಕಳೆದ ನನಗೆ ಇದನ್ನು ಓದಿ ಬಹಳ ಹೊತ್ತು ಬೇರೇನೂ ತೋಚಲಿಲ್ಲ.

ಹಾಗೆ ಊರು ಸೇರಿಕೊಳ್ಳುವುದು ನಮಗೆ ಹೊಸದಲ್ಲ. ನಮ್ಮ ಯುವಕ ಮಂಡಲಗಳು ಚಂದಾ ಎತ್ತಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನಡೆಸುತ್ತವೆ. ವಾರದ ಐದು ಸಂಜೆ ವಾರ್ಡಿನ ಮಕ್ಕಳಿಗೆ ಲಗೋರಿ, ಕುಂಟೆಬಿಲ್ಲೆ, ಖೋಖೋ ಆಡಿಸುವುದು ಅವರಿಗೆ ಭಾರವಲ್ಲ. ಅಂಗಳ ಬೇಕು, ಅಷ್ಟೇ. ಅಂಗಳವೂ ಇದೆ, ಶಾಲೆ ಬಿಟ್ಟ ಮೇಲೆ ಅದಕ್ಕೆ ಬೀಗ.

ಆ ಬೀಗ ತೆಗೆಸಿ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮೈದಾನ ಸಂಜೆ ಐದರಿಂದ ಆರೂವರೆಯವರೆಗೆ ಆಸುಪಾಸಿನ ಎಲ್ಲ ಮಕ್ಕಳಿಗೂ ಸಿಗುವಂತೆ ಆದೇಶಿಸಿ. ಶಾಲಾಭಿವೃದ್ಧಿ ಸಮಿತಿ, ಯುವಕ ಮಂಡಲ, ಮಹಿಳಾ ಮಂಡಲಗಳಿಗೆ ಹೊಣೆ ಹಂಚಿ. ಮಹಿಳಾ ಮಂಡಲ ಎಂದದ್ದು ಯೋಚಿಸಿಯೇ. ಹೆಣ್ಣುಮಕ್ಕಳು ಏಳನೇ ತರಗತಿ ದಾಟುತ್ತಲೇ ಮೈದಾನ ಬಿಡುವುದನ್ನು ವರ್ಷವೂ ನೋಡಿದ್ದೇನೆ. ಪರಿಚಯದ ಒಬ್ಬ ಅಕ್ಕ ಅಲ್ಲಿ ನಿಂತಿದ್ದರೆ ಅವರು ಬರುತ್ತಾರೆ.

ಮಳೆಗಾಲದ ಪ್ರಶ್ನೆ ತಮಗೂ ಹೊಳೆದಿರಬಹುದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಆಗ ಪಂಚಾಯತಿನ ಸಭಾಭವನ, ಶಾಲೆಯ ರಂಗಮಂದಿರ, ಭಜನಾ ಮಂದಿರದ ಜಗಲಿ ಒದಗಬೇಕು. ನಮ್ಮ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಒಳ್ಳೆಯ ರೂಢಿ ಇದೆ. ಅರ್ಧ ಗಂಟೆ ಹೆಜ್ಜೆ ಹಾಕಿ, ಹಾರಿ ಸುತ್ತುವ ಧಿಗಿಣ ನಾಲ್ಕು ಹೊಡೆದು ಬಂದ ಮಗುವಿನ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಸಣ್ಣ ತರಗತಿಯವರಿಗೂ ಆ ಅವಕಾಶ ಸಿಗಲಿ.

ಇನ್ನು ಅಂಗಡಿ. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರಿನೊಳಗೆ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಅದನ್ನು ಜಾರಿಗೆ ತನ್ನಿ, ಆದರೆ ಅಂಗಡಿಯವನನ್ನು ಓಡಿಸಬೇಡಿ. ನನಗೆ ತಿಳಿದ ಗೇಟಿನೆದುರಿನ ಅಂಗಡಿಗಳು ಬಡವರವು. ಬೇಯಿಸಿದ ನೆಲಗಡಲೆ, ಬಾಳೆಹಣ್ಣು, ಮಜ್ಜಿಗೆ, ಹೆಸರುಕಾಳಿನ ಉಸಲಿಯನ್ನು ಸ್ವಸಹಾಯ ಸಂಘದವರು ಮಾಡಿ ತಲುಪಿಸಿದರೆ ಅವೇ ಅಂಗಡಿಗಳು ಮಾರುತ್ತವೆ.

ತೂಕ ನೋಡುವುದು ಬೇಕು, ಆದರೆ ಪರದೆಯ ಹಿಂದೆ. ಅಂಕಿ ತಂದೆ ತಾಯಿಗೆ ಮಾತ್ರ ತಿಳಿಯಲಿ.

ಮೈದಾನ ತೆರೆದರೆ ಬೀಗದ ಕೈ ಯಾರ ಬಳಿ ಇರಬೇಕು ಎಂಬಲ್ಲಿಗೆ ಕಡತ ನಿಂತುಬಿಡುತ್ತದೆ ಎಂಬುದು ಅನುಭವದಿಂದ ಗೊತ್ತು. ನನ್ನ ವಾರ್ಡಿನ ಶಾಲೆಯದ್ದನ್ನು ನನಗೆ ಕೊಡಿ. ದಿನವೂ ಸಂಜೆ ಆರೂವರೆಗೆ ಬೀಗ ಹಾಕಿ ಮುಖ್ಯೋಪಾಧ್ಯಾಯರ ಮನೆಗೆ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಉಡುಪಿ