ನಿನ್ನ ಪತ್ರದ ಕೊನೆಯ ಸಾಲು

ಕುಮಟಾ,
ತಪಸ್ಸುಕಾಲದ ಮೂರನೆಯ ಭಾನುವಾರ

ಪ್ರೀತಿಯ ಮಗುವಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಕೈಸೇರಿತು. ಕೆಲಸದ ವಿಷಯ, ಬಾಡಿಗೆಯ ವಿಷಯ ನಿನ್ನ ಅಮ್ಮನಿಂದ ಆಗಲೇ ತಿಳಿದಿದೆ, ಅದನ್ನು ಬಿಡುತ್ತೇನೆ. ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಸಂಕಲ್ಪ ನಾಲ್ಕನೆಯ ದಿನವೇ ಮುರಿಯಿತು, ಪ್ರತಿ ವರ್ಷವೂ ಇದೇ ಕಥೆ, ನನ್ನನ್ನು ಕ್ಷಮಿಸಿ ಕ್ಷಮಿಸಿ ದೇವರಿಗೂ ಬೇಸರ ಬಂದಿರಬೇಕು ಎಂದು. ಆ ಸಾಲು ಮೂರು ರಾತ್ರಿಗಳಿಂದ ನನ್ನನ್ನು ಮಲಗಗೊಟ್ಟಿಲ್ಲ. ಅದಕ್ಕೆ ಕಾರಣವಿದೆ. ಧೈರ್ಯ ಬಂದರೆ ಈ ಪತ್ರದಲ್ಲೇ ಹೇಳುತ್ತೇನೆ.

ರಾತ್ರಿ ಹತ್ತರ ಮೇಲೆ ಮೊಬೈಲ್ ಮುಟ್ಟುವುದಿಲ್ಲ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ದಿನವೂ ಪೂರ್ತಿ ಜಪಸರ, ಚಹಾಕ್ಕೆ ಸಕ್ಕರೆ ಇಲ್ಲ, ಕೋಣೆಯ ಗೆಳೆಯನ ಮೇಲೆ ರೇಗುವುದಿಲ್ಲ. ಈ ಐದು ಸಂಕಲ್ಪಗಳನ್ನೂ ನೀನು ಒಂದೇ ದಿನ ಹೆಗಲಿಗೇರಿಸಿಕೊಂಡೆ. ಧರ್ಮಸಭೆಯೇ ನಮ್ಮಿಂದ ಇಷ್ಟು ಕೇಳಿಲ್ಲ. 18ರಿಂದ 59 ವರ್ಷದವರಿಗೆ ಕಡ್ಡಾಯದ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನವೂ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು, ಉಳಿದೆರಡು ಹೊತ್ತು ಸ್ವಲ್ಪ ಏನಾದರೂ ತೆಗೆದುಕೊಳ್ಳಬಹುದು. ತಪಸ್ಸುಕಾಲವನ್ನು 40 ದಿನ ಎಂದು ಎಣಿಸುವಾಗ ಭಾನುವಾರಗಳನ್ನು ಬಿಟ್ಟೇ ಎಣಿಸುವುದು. ನಮ್ಮ ಅಳತೆ ಎಷ್ಟೆಂದು ಬಲ್ಲವರು ಮಾಡಿದ ಲೆಕ್ಕ ಅದು. ನಿನ್ನ ಐದರಲ್ಲಿ ಒಂದನ್ನು ಇಟ್ಟುಕೊಂಡರೆ ಸಾಕಿತ್ತೇನೋ. ಮೊಬೈಲನ್ನು ರಾತ್ರಿ ಅಡುಗೆಮನೆಯಲ್ಲಿ ಇಟ್ಟು ಮಲಗಿ ನೋಡು. ಓದಿಕೊಂಡ ನಿನಗೆ ಇದನ್ನೆಲ್ಲ ಹೇಳಲು ಸಂಕೋಚವಾಗುತ್ತದೆ.

ಆದರೆ ಮುರಿದದ್ದಕ್ಕಿಂತ, ದೇವರಿಗೆ ಬೇಸರ ಬಂದಿದೆ ಎಂದು ನೀನು ನಂಬಿದ್ದು ನನಗೆ ದೊಡ್ಡ ಭಯ. ಹಾಗೆ ನಂಬಿದವನು ಫಾದರ್ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುವುದಿಲ್ಲ. ನೀನೂ ಕ್ರಿಸ್ಮಸ್ಸಿನಿಂದ ಹೋಗಿಲ್ಲ, ಅಲ್ಲವೇ? ನೀನು ಬರೆದಿಲ್ಲ. ನನಗೆ ಗೊತ್ತಾಯಿತು.

ನಿನ್ನ ಅಜ್ಜ ನದಿಯ ಉಪ್ಪುನೀರಿನ ಅಂಚಿನಲ್ಲಿ ಗಜನಿ ಗದ್ದೆ ಮಾಡುತ್ತಿದ್ದ ಕಾಲ ನಿನಗೆ ಗೊತ್ತಿಲ್ಲ. ಅಘನಾಶಿನಿಯ ಉಪ್ಪುನೀರಿಗೂ ನಮ್ಮ ಕಗ್ಗ ಭತ್ತಕ್ಕೂ ನಡುವೆ ಇದ್ದದ್ದು ಒಂದು ಮಣ್ಣಿನ ಕಟ್ಟೆ. ಉಪ್ಪನ್ನು ಒಂದಿಷ್ಟು ತಡೆದುಕೊಳ್ಳುವ ಭತ್ತ ಅದು, ಆದರೆ ನದಿಯೇ ಒಳಗೆ ನುಗ್ಗಿ ನಿಂತರೆ ಅದೂ ಉಳಿಯುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸಮುದ್ರ ಉಕ್ಕುವ ದೊಡ್ಡ ಭರತದ ರಾತ್ರಿ ನನ್ನ ಅಪ್ಪ ಕಂದೀಲು ಹಿಡಿದು ಕಟ್ಟೆಯ ಮೇಲೆ ನಡೆಯುತ್ತಿದ್ದರು. ಒಮ್ಮೊಮ್ಮೆ ನಾನೂ ಹಿಂದೆ ಹೋಗುತ್ತಿದ್ದೆ. ಅವರು ಕಣ್ಣಿಗಿಂತ ಕಾಲನ್ನು ಹೆಚ್ಚು ನಂಬುತ್ತಿದ್ದರು. ಬರಿಗಾಲಿಗೆ ಮಣ್ಣು ಮೆತ್ತಗೆ ತಾಗಿದಲ್ಲಿ ನಿಂತು ಬಗ್ಗುತ್ತಿದ್ದರು, ಅಲ್ಲಿ ಏಡಿಯ ಬಿಲ ಇರುತ್ತಿತ್ತು. ಹೆಬ್ಬೆರಳು ಹೋಗುವಷ್ಟು ತೂತು, ಅದರಿಂದ ಸಣ್ಣಗೆ ಬುಳುಬುಳು ಎನ್ನುವ ನೀರು. ಹುಲ್ಲು ತುರುಕಿ, ಕೆಸರಿನ ಹೆಂಟೆ ಇಟ್ಟು, ಹಿಮ್ಮಡಿಯಿಂದ ತುಳಿದು ಮುಂದೆ ಹೋಗುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಅದೇ ಜಾಗದಲ್ಲಿ ಮತ್ತೆ ಬಿಲ. ಅಪ್ಪ ಏಡಿಯನ್ನು ಬೈದದ್ದು ಕೇಳಿದ್ದೇನೆ. ಈ ಗದ್ದೆಯೇ ಬೇಡ ಎಂದದ್ದನ್ನು ಕೇಳಿಲ್ಲ.

ಇದನ್ನು ಯಾಕೆ ಬರೆದೆನೋ. ಬೈಬಲಿನ ಜ್ಞಾನೋಕ್ತಿಗಳಲ್ಲಿ ತನ್ನನ್ನು ತಾನು ಹಿಡಿದುಕೊಳ್ಳಲಾರದವನನ್ನು ಗೋಡೆ ಬಿದ್ದ ಊರಿಗೆ ಹೋಲಿಸಿದ್ದಾರೆ. ಅದನ್ನು ಓದುವಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ನಮ್ಮ ಗಜನಿಯ ಕಟ್ಟೆ.

ಸಂತ ಪೌಲರು ಗಲಾತ್ಯರಿಗೆ ಬರೆಯುವಾಗ ಆತ್ಮಸಂಯಮವನ್ನು ಪವಿತ್ರಾತ್ಮರ ಫಲಗಳ ಸಾಲಿನಲ್ಲಿ ಇಟ್ಟಿದ್ದಾರೆ. ಒಂಬತ್ತರಲ್ಲಿ ಅದು ಕೊನೆಯದು, ಪ್ರೀತಿ ಮೊದಲನೆಯದು. ನಾನು ಚಿಕ್ಕಂದಿನಲ್ಲಿ ಕೊನೆಯದನ್ನೇ ಮೊದಲು ಹಿಡಿದೆ. ನನ್ನ ಶಿಸ್ತನ್ನು ಊರೆಲ್ಲ ಹೊಗಳುತ್ತಿತ್ತು. ಒಂದು ಶುಕ್ರವಾರವೂ ತಪ್ಪದ ಉಪವಾಸ, ಇಗರ್ಜಿಯಲ್ಲಿ ಒಂದು ಬೆಳಗೂ ತಪ್ಪದ ಬಲಿಪೂಜೆ. ಆ ಹೊಗಳಿಕೆಯಲ್ಲಿ ನನ್ನ ನಾಲಿಗೆ ಎಷ್ಟು ಹರಿತವಾಯಿತೆಂದು ನನಗೇ ತಿಳಿಯಲಿಲ್ಲ.

ಈಗ ಹೇಳಿಬಿಡುತ್ತೇನೆ. ನೀನು ಬರೆದ ಆ ಸಾಲು ನಿನ್ನದಲ್ಲ, ನನ್ನದು. ಕುಡಿಯುವುದಿಲ್ಲ ಎಂದು ನಿನ್ನ ಅಪ್ಪ ಮೂರನೆಯ ಸಲ ಆಣೆ ಮಾಡಿ ಮೂರನೆಯ ಸಲ ಮುರಿದು ಬಂದ ರಾತ್ರಿ, ಬಾಗಿಲಲ್ಲಿ ನಿಂತು ನಾನು ಅವನಿಗೆ ಇದನ್ನೇ ಹೇಳಿದ್ದೆ. "ನಿನ್ನನ್ನು ಕ್ಷಮಿಸಿ ದೇವರಿಗೂ ಬೇಸರ ಬಂದಿರಬೇಕು." ಮುಂದಿನ ಭಾನುವಾರದಿಂದ ಅವನು ಇಗರ್ಜಿಗೆ ಬರುವುದನ್ನು ನಿಲ್ಲಿಸಿದ. ಮನೆಯವರು ಬೇರೆ ಕಾರಣಗಳನ್ನು ಹೇಳುತ್ತಾರೆ, ನೀನೂ ಅವನ್ನು ಕೇಳಿ ಬೆಳೆದವನು. ವರ್ಷಗಳ ನಂತರ ಒಂದು ಮಧ್ಯಾಹ್ನ ಅವನು ಹಿತ್ತಲಿಗೆ ಬಂದು ಕೂತ. ನಾನು ತಾರ್ಲೆ ಮೀನು ಹೆಚ್ಚುತ್ತಿದ್ದೆ, ಮೊಣಕೈವರೆಗೂ ಹುರುಪೆ. "ಅಕ್ಕಾ, ಆವತ್ತು ಹೇಳಿದ್ದು ನಿಜವೇ?" ಎಂದು ಕೇಳಿದ. ಯಾವುದನ್ನು ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಮೀನು ಕೆಡುತ್ತದೆ, ಆಮೇಲೆ ಮಾತನಾಡೋಣ ಎಂದೆ. ಅವನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ. ಆ ಮಳೆಗಾಲ ಮುಗಿಯುವ ಮೊದಲೇ ಅವನನ್ನು ಕಳೆದುಕೊಂಡೆವು.

ಅವನು ಆ ಮಾತನ್ನು ನಿನ್ನ ಮುಂದೆ ಎಂದಾದರೂ ಆಡಿದ್ದನೋ, ನಿನಗೇ ಹೊಳೆಯಿತೋ, ಕೇಳಲು ನನಗೆ ಧೈರ್ಯವಿಲ್ಲ.

ಯೊವಾನ್ನರ ಶುಭಸಂದೇಶದಲ್ಲಿ ಇದ್ದಲ ಬೆಂಕಿ ಎರಡು ಕಡೆ ಬರುತ್ತದೆ. 18ನೆಯ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಅದರಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ಯೇಸುವನ್ನು ಅರಿಯೆ ಎನ್ನುತ್ತಾನೆ. ಬೆಳಗಾಗುವುದರೊಳಗೆ ಮೂರು ಸಲ. 21ರಲ್ಲಿ ರಾತ್ರಿಯಿಡೀ ಬಲೆ ಹಾಕಿ ಬರಿಗೈಯಾದವರಿಗೆ ಬೆಳಿಗ್ಗೆ 153 ಮೀನು ಸಿಗುತ್ತವೆ, ದಡಕ್ಕೆ ಬಂದರೆ ಇದ್ದಲ ಬೆಂಕಿಯ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸುವೇ ಸಿದ್ಧ ಮಾಡಿಟ್ಟಿದ್ದರು. ಇನ್ನು ಹೀಗೆ ಮಾಡುವುದಿಲ್ಲ ಎಂದು ಪೇತ್ರನಿಂದ ಆಣೆ ಹಾಕಿಸಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದರು, ಅದೂ ಮೂರು ಸಲ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಹಿಂದೆ ಲೆಕ್ಕ ಕೇಳಿದ್ದವನೂ ಈ ಪೇತ್ರನೇ. ಇದನ್ನೆಲ್ಲ ಓದಿದ್ದ ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತು!

ಸಕ್ಕರೆಯ ಸಂಕಲ್ಪ ಬಿಟ್ಟುಬಿಡು. ಗೆಳೆಯನ ಮೇಲೆ ರೇಗಿದರೆ ಅದೇ ದಿನ ಮಲಗುವ ಮೊದಲು ಒಂದು ಮಾತು ಹೇಳಿಬಿಡು, ತಡಮಾಡಬೇಡ. ಜಪಸರ ಪೂರ್ತಿಯಾಗದಿದ್ದರೆ ಒಂದು ದಶಕ, ಹತ್ತು ಮಣಿ, ಸಾಕು. ನಾನು ಈಗ ಅಷ್ಟನ್ನೇ ಮಾಡುತ್ತಿದ್ದೇನೆ, ಮಂಡಿ ಊರಲು ಆಗುವುದಿಲ್ಲ.

ನಿನ್ನ ಅಪ್ಪನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿನಗೆ ಬರೆಯುತ್ತಿದ್ದೇನೆ. ನಿಜವಲ್ಲ ಮಗು. ಬೇಸರ ಬಂದದ್ದು ನನಗೆ. ಅದನ್ನು ದೇವರ ಹೆಸರಿನಲ್ಲಿ ಹೇಳಿದೆ.

ಶನಿವಾರ ಸಂಜೆ ಪಾಪನಿವೇದನೆಗೆ ಹೋಗಲು ಸಾಧ್ಯವೇ ನೋಡು. ಹೋದರೆ ಫೋನ್ ಮಾಡು. ಏನು ಹೇಳಿದೆ, ಫಾದರ್ ಏನೆಂದರು ಎಂದು ನಾನು ಕೇಳುವುದಿಲ್ಲ. ಹೋಗಿ ಬಂದೆ ಎಂದಷ್ಟೇ ಹೇಳು. ಎಂಟು ಗಂಟೆಯವರೆಗೂ ಎಚ್ಚರವಾಗಿರುತ್ತೇನೆ.

ನಿನ್ನ ಅತ್ತೆ