ಬೂಟ್ ಇಮೇಜಿನ ಓವರ್‌ಲೇ: ಲ್ಯಾಬ್‌ನಲ್ಲೇ ಕಲಿಸಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ನಮ್ಮ ಕನ್ನಡ ವಿದ್ಯಾರ್ಥಿಗಳು ಅಡಿಕೆ ಡ್ರೈಯರಿನ ಬಿಸಿ ಅಳೆಯುವಂಥ ಪ್ರಾಜೆಕ್ಟಿಗೆ ಕೂತಾಗ, ಒಂದು ಸೆನ್ಸರ್ ಸೇರಿಸಲೆಂದು ಮೂಲ ಡಿವೈಸ್ ಟ್ರೀಯನ್ನೇ (ಬೋರ್ಡಿನಲ್ಲಿ ಯಾವ ಯಂತ್ರಾಂಶವಿದೆ ಎಂದು ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ, ತಿಳಿಸುವ ಕಡತ) ತಿದ್ದಬಾರದು. ಕರ್ನಲ್ ಅಪ್‌ಡೇಟ್ ಆದಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಮೂಲ ಟ್ರೀಯ ಮೇಲೆ ಬೂಟ್ ಆಗುವಾಗ ಸೇರಿಸುವ ತಿದ್ದುಪಡಿ, ಅಂದರೆ ಓವರ್‌ಲೇ, ಬೇರೆ ಕಡತವಾಗಿಯೇ ಇರಲಿ.

ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಇದು ಸುಲಭ. ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರಿಗೆ ಕಾನ್ಫಿಗ್ ಕಡತದಲ್ಲಿ ‘ಡಬ್ಲ್ಯು1-ಜಿಪಿಐಒ’ ಓವರ್‌ಲೇಯ ಒಂದು ಸಾಲು ಸಾಕು. ಡೇಟಾ ತಂತಿ 7ನೇ ಪಿನ್ನಿಗೆ, ಅಂದರೆ ಜಿಪಿಐಒ 4ಕ್ಕೆ; ಅದಕ್ಕೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್. ರಾಸ್‌ಬೆರಿ ಪೈ ಓಎಸ್‌ನ 2023ರ ಬುಕ್‌ವರ್ಮ್ ಆವೃತ್ತಿಯಿಂದ ಆ ಕಾನ್ಫಿಗ್ ಕಡತ ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ. ಹಳೆಯ ಜಾಗದಲ್ಲಿ ಬರೆದರೆ ಏನೂ ಆಗದು.

ಕರ್ನಲ್ಲನ್ನು ಲೋಡ್ ಮಾಡಲು ಯು-ಬೂಟ್ ಎಂಬ ತಂತ್ರಾಂಶ ಬಳಸುವ ಬೋರ್ಡುಗಳಲ್ಲೇ ನಿಜವಾದ ತೊಡಕು. ಮೂಲ ಟ್ರೀಯನ್ನು ಡಿಟಿಸಿಗೆ (ಡಿವೈಸ್ ಟ್ರೀ ಕಂಪೈಲರಿಗೆ) ‘-@’ ಆಯ್ಕೆ ಕೊಟ್ಟು ಕಂಪೈಲ್ ಮಾಡದಿದ್ದರೆ ಅದರ ಭಾಗಗಳ ಹೆಸರುಗಳ, ಅಂದರೆ ಲೇಬಲ್‌ಗಳ ಪಟ್ಟಿ ಅದರಲ್ಲಿ ಉಳಿಯುವುದಿಲ್ಲ. ಓವರ್‌ಲೇ ‘ಐ2ಸಿ1’ ಎಂಬ ಲೇಬಲ್ ಕರೆದರೆ ಓಗೊಡುವವರಿಲ್ಲ, ‘ನಾಟ್‌ಫೌಂಡ್’ ದೋಷ ಬರುತ್ತದೆ. ಬೂಟ್ ಸ್ಕ್ರಿಪ್ಟಿನಲ್ಲಿ ಎಫ್‌ಡಿಟಿಯ (ಕಂಪೈಲ್ ಆದ ಮೂಲ ಟ್ರೀಯ) ವಿಳಾಸ ಕೊಟ್ಟು, ಅದನ್ನು ರೀಸೈಜ್ ಮಾಡಿ, ಆಮೇಲೆ ಓವರ್‌ಲೇ ಅಪ್ಲೈ ಮಾಡಬೇಕು. ರೀಸೈಜ್ ಬಿಟ್ಟರೆ ಜಾಗ ಸಾಲದೆ ‘ನೋಸ್ಪೇಸ್’ ದೋಷ. ಅಪ್ಲೈ ವಿಫಲವಾದರೆ ಮೆಮೊರಿಯಲ್ಲಿದ್ದ ಮೂಲ ಟ್ರೀಯೂ ಕೆಟ್ಟಿರುತ್ತದೆ. ಟ್ರೀ, ಓವರ್‌ಲೇ ಎರಡನ್ನೂ ಕಾರ್ಡಿನಿಂದ ಮತ್ತೆ ಲೋಡ್ ಮಾಡದೆ ಮುಂದುವರಿಯಬೇಡಿ. ಕರ್ನಲ್, ಟ್ರೀ, ಓವರ್‌ಲೇಗಳನ್ನು ಒಂದೇ ಕಡತದಲ್ಲಿ ಕಟ್ಟಿಡುವ ಫಿಟ್ ಇಮೇಜಿನಲ್ಲಾದರೆ ಎಫ್‌ಡಿಟಿ ಸಾಲಿನಲ್ಲಿ ಮೂಲ ಮೊದಲು, ಓವರ್‌ಲೇಗಳು ಅನಂತರ.

ಗಡಿನಾಡಿನ ಪಾಲಿಟೆಕ್ನಿಕ್‌ಗಳು ಇದನ್ನು ಕನ್ನಡದಲ್ಲಿ, ಬೋರ್ಡಿನ ಮುಂದೆ ಕೂರಿಸಿ ಕಲಿಸಲಿ. ಪ್ರತಿ ಮೇಜಿಗೂ 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಕೇಬಲ್ ಒಂದಿರಲಿ. ಈ ದೋಷಗಳು ಹೆಚ್ಚಾಗಿ ಆ ಕೇಬಲ್ ಮೂಲಕ ಬರುವ ಬೂಟ್ ಸಂದೇಶಗಳಲ್ಲೇ ಕಾಣಿಸುವುದು.

– ಓರ್ವ ಎಂಬೆಡೆಡ್ ಎಂಜಿನಿಯರ್, ಬದಿಯಡ್ಕ